ಚರ್ಮದ ಕಾವಲು ಕೋಶಗಳು ಎಲ್ಲಿಂದ ಬಂದವು?

"ರಕ್ತ ಕೆಟ್ಟಿದೆ, ಅದಕ್ಕೇ ಚರ್ಮ ಹೀಗಾಗಿದೆ" ಎಂಬ ಮಾತನ್ನು ನೀವೂ ಕೇಳಿರಬಹುದು. ರಕ್ತಶುದ್ಧಿಯ ಟಾನಿಕ್‌ಗಳಿಗೆ ಹಣ ಸುರಿದು ಬೇಸತ್ತವರೂ ಇದ್ದಾರೆ. ಕಳೆದ ಎರಡು ದಶಕಗಳ ಸಂಶೋಧನೆ ಬೇರೆಯದೇ ಚಿತ್ರ ಕೊಡುತ್ತದೆ: ಚರ್ಮದ ರೋಗನಿರೋಧಕ ಕೋಶಗಳಲ್ಲಿ ಒಂದು ಪಾಲು ರಕ್ತದ ಜೊತೆ ಬಂದುಹೋಗುವಂಥದ್ದಲ್ಲ, ಚರ್ಮದಲ್ಲೇ ನೆಲೆಸಿರುವಂಥದ್ದು.

1868ರಲ್ಲಿ ಬರ್ಲಿನ್‌ನ ವೈದ್ಯಕೀಯ ವಿದ್ಯಾರ್ಥಿ ಪೌಲ್ ಲ್ಯಾಂಗರ್‌ಹಾನ್ಸ್ ಚರ್ಮದ ಮೇಲ್ಪದರದಲ್ಲಿ ಕವಲೊಡೆದ ಕೋಶಗಳನ್ನು ಗುರುತಿಸಿ, ಅವು ನರಕೋಶಗಳೆಂದು ಭಾವಿಸಿದರು. ನಿಜದಲ್ಲಿ ಅವು ಕಾವಲು ಕೋಶಗಳು. ಒಳನುಗ್ಗುವ ರೋಗಾಣುವಿನ ತುಣುಕನ್ನು ಹಿಡಿದು ದುಗ್ಧಗ್ರಂಥಿಗಳಿಗೆ ಸುದ್ದಿ ಮುಟ್ಟಿಸುವುದು ಅವುಗಳ ಕೆಲಸ.

ರಕ್ತದ ಬಿಳಿ ಕಣಗಳು ಹೆಚ್ಚಾಗಿ ಮೂಳೆ ಮಜ್ಜೆಯಲ್ಲಿ ಹುಟ್ಟುತ್ತವೆ. ಲ್ಯಾಂಗರ್‌ಹಾನ್ಸ್ ಕೋಶಗಳ ಪೂರ್ವಜರು ಮಾತ್ರ ಜನನಕ್ಕೆ ಮೊದಲೇ ಚರ್ಮ ಸೇರುತ್ತವೆ. ಭ್ರೂಣದ ಯಕೃತ್ತು ಮತ್ತು ಹಳದಿ ಚೀಲ ಅವುಗಳ ಮೂಲವೆಂದು ಇಲಿಗಳ ಮೇಲಿನ ಅಧ್ಯಯನಗಳು ತೋರಿಸಿವೆ. ಬಳಿಕ ಅವು ಅಲ್ಲೇ ವಿಭಜನೆಗೊಂಡು ಸಂಖ್ಯೆ ಕಾಪಾಡಿಕೊಳ್ಳುತ್ತವೆ. ಕೈ ಕಸಿ ಮಾಡಿಸಿಕೊಂಡವರ ಹೊಸ ಕೈಯಲ್ಲಿ, ವರ್ಷಗಳ ನಂತರವೂ ದಾನಿಯ ಇಂಥ ಕೋಶಗಳೇ ಕಂಡುಬಂದಿವೆ.

ಹಾಗಾದರೆ ಹುಟ್ಟೇ ಎಲ್ಲವನ್ನೂ ನಿರ್ಧರಿಸುತ್ತದೆಯೇ? ಇಲ್ಲ. ತೀವ್ರ ಉರಿಯೂತದಲ್ಲಿ ಹಳೆಯ ಕೋಶಗಳು ನಾಶವಾದರೆ ಮಜ್ಜೆಯಿಂದ ಬಂದವು ಜಾಗ ತುಂಬುತ್ತವೆ. ಅವುಗಳಲ್ಲಿ ಕೆಲವು ಬೇಗ ಅಳಿದರೆ, ಇನ್ನು ಕೆಲವು ಚರ್ಮದ ಸಂಕೇತಗಳಿಗೆ ಒಗ್ಗಿಕೊಂಡು ಕಾಯಂ ಆಗಿ ಉಳಿಯುತ್ತವೆ.

ಇದರಿಂದ ನಿಮಗೇನು ಉಪಯೋಗ? ಮನೆಯಲ್ಲಿ ಯಾರಿಗಾದರೂ ದಾನಿಯಿಂದ ಮಜ್ಜೆ ಕಸಿ ಆಗಿದ್ದರೆ, ರಕ್ತ ದಾನಿಯದಾದ ಮೇಲೂ ಚರ್ಮದಲ್ಲಿ ರೋಗಿಯ ಹಳೆಯ ಕೋಶಗಳು ಕೆಲಕಾಲ ಉಳಿದಿರಬಹುದು. ದಾನಿಯ ಟಿ ಕೋಶಗಳು ರೋಗಿಯ ಅಂಗಾಂಶವನ್ನು ಪರಕೀಯವೆಂದು ಕಂಡು ದಾಳಿ ಮಾಡುವುದುಂಟು. ಈ ಹಳೆಯ ಕೋಶಗಳು ಅದಕ್ಕೆ ಪ್ರಚೋದನೆ ನೀಡಬಲ್ಲವೆಂದು ಇಲಿಗಳಲ್ಲಿ ಕಂಡುಬಂದಿದೆ. ಅಂಗೈ, ಅಂಗಾಲು, ಕಿವಿಯ ಬಳಿ ಕೆಂಪು ದದ್ದು ಕಂಡರೆ ಮನೆಮದ್ದು ಹಚ್ಚುತ್ತಾ ಕಾಯಬೇಡಿ. ಅಂದೇ ಕಸಿ ತಂಡಕ್ಕೆ ತಿಳಿಸಿ.

ಸೋರಿಯಾಸಿಸ್ ಕಥೆ ಸ್ವಲ್ಪ ಬೇರೆ. ಅಲ್ಲಿ ರಕ್ತದಿಂದ ಬಂದ ಕೆಲವು ಟಿ ಕೋಶಗಳು, ಕಲೆ ಮಾಯವಾದ ಮೇಲೂ ನೆನಪು ಹೊತ್ತು ಅದೇ ಜಾಗದಲ್ಲಿ ಉಳಿಯುತ್ತವೆ. ಕಲೆ ಮತ್ತೆ ಅಲ್ಲೇ ಏಳುವುದಕ್ಕೆ ಇದೊಂದು ಕಾರಣ. ಹಾಗಾಗಿ ಚರ್ಮ ತಿಳಿಯಾಯಿತೆಂದು ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಯಾವಾಗ, ಹೇಗೆ ಕಡಿಮೆ ಮಾಡಬೇಕೆಂದು ಚರ್ಮವೈದ್ಯರನ್ನೇ ಕೇಳಿ. ಕಲೆ ಮರಳಿ ಬಂದರೆ ಅದು ನಿಮ್ಮ ತಪ್ಪಲ್ಲ, ನಿಮ್ಮ ರಕ್ತ ಕೆಟ್ಟಿದೆ ಎಂದೂ ಅಲ್ಲ.