ಅಡಿಗೆಮನೆಗೆ ಎಂಥ ಸಾಣೆ?

ಶಿಕಾರಿಪುರದ ಸೋದರಿಯೊಬ್ಬರು ನಮಗೆ ಬರೆದ ಕಾಗದದಲ್ಲಿ, ತಾವು ಪೇಟೆಯಿಂದ ತರಿಸಿದ ಹೊಸ ಬಗೆಯ ಸಾಣೆಯಿಂದ ಈಳಿಗೆಯನ್ನು ಮಸೆಯುವ ಕ್ರಮವೆಂತೆಂದು ಕೇಳಿರುವರು. ಸೀಳಿನೊಳಗೆ ಚೂರಿಯನ್ನಿಟ್ಟು ಎಳೆಯುವ ಆ ಸಾಧನದಿಂದ ಈಳಿಗೆಯನ್ನು ಮಸೆಯುವುದು ಸಾಧ್ಯವೇ ಇಲ್ಲ. ಹಣ ಕೊಟ್ಟಾದ ಮೇಲೆ ಹೀಗೆ ಹೇಳಬೇಕಾದುದಕ್ಕೆ ವಿಷಾದಪಡುತ್ತೇವೆ.

ಚೂರಿಯು ಕೈಯಲ್ಲಿ ಆಡುವ ಅಡಿಗೆಮನೆಗಳಿಗಾಗಿ ಮಾಡಿದ ಸಾಧನವದು. ಶಿಕಾರಿಪುರ ಸೊರಬಗಳ ಕಡೆಯ ಹಳೆಯ ಮನೆಗಳಲ್ಲಾದರೋ, ಈಳಿಗೆಯೆನ್ನಿ ಮೆಟ್ಟುಗತ್ತಿಯೆನ್ನಿ, ಅಲಗು ಮಣೆಯ ಮೇಲೆ ನಿಂತಿರುವುದು. ತರಕಾರಿಯೇ ಅದರ ಬಳಿಗೆ ಬರುವುದು. ಆದುದರಿಂದ ಇಲ್ಲಿ ಕಲ್ಲೇ ಅಲಗಿನ ಬಳಿಗೆ ಹೋಗಬೇಕು. ಅಲಗಿನ ಬಾಯಿ ಕುಡುಗೋಲಿನಂತೆ ಒಳಕ್ಕೆ ಬಾಗಿರುವುದರಿಂದ ಅಗಲವಾದ ಚಪ್ಪಟೆ ಕಲ್ಲು ಅದರ ಹೊಟ್ಟೆಗೆ ಮುಟ್ಟುವುದಿಲ್ಲ. ಕುಡುಗೋಲು ಮಸೆಯಲು ರೈತರು ಕೊಳ್ಳುವ, ಎರಡು ತುದಿಗಳಲ್ಲಿ ಸಣ್ಣಗಾದ, ದೋಣಿಯಾಕಾರದ ಗೇಣುದ್ದದ ಕಲ್ಲೇ ನಮಗೆ ತಕ್ಕದ್ದು. ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಅಲ್ಪ ಬೆಲೆಗೆ ದೊರೆಯುವ ಈ ಕಲ್ಲನ್ನು ಅಲಂಕಾರವಿಲ್ಲವೆಂದು ಅಲಕ್ಷಿಸಬಾರದು.

ಈಗಿನ ಮಸೆಗಲ್ಲುಗಳಲ್ಲಿ ಬಹಳಷ್ಟು ಕಾರ್ಬೊರಂಡಂ ಎಂಬ ವಸ್ತುವಿನಿಂದಾದುವು. ೧೮೯೧ರಲ್ಲಿ ಅಮೇರಿಕದ ಅಚೆಸನ್ ಎಂಬವರು ವಿದ್ಯುತ್ತಿನ ಕುಲುಮೆಯಲ್ಲಿ ಇದನ್ನು ಪಡೆದರು. ಬೆಣಚುಕಲ್ಲಿಗಿಂತಲೂ ಬಹು ಗಟ್ಟಿಯಾದ ಇದು ಉಕ್ಕನ್ನು ಬೇಗನೆ ತಿನ್ನುವುದು. ಕಲ್ಲಿನ ಮೇಲೆ ಅಂಕಿ ನಮೂದಿಸಿದ್ದರೆ, ಅಂಕಿ ಹೆಚ್ಚಿದಷ್ಟೂ ಕಲ್ಲು ನಯವೆಂದು ತಿಳಿಯತಕ್ಕದ್ದು. ಬಾಯಿ ಮುಕ್ಕಾದ ಕತ್ತಿಗೆ ೨೪೦ರ ಒರಟು ಕಲ್ಲು ಬೇಕಾದೀತು; ದಿನಬಳಕೆಗೆ ೬೦೦ರಿಂದ ೧೦೦೦ದವರೆಗಿನದು ಸಾಕು. ಸೊರಬ ಸಾಗರಗಳ ಗುಡಿಗಾರರು ಶ್ರೀಗಂಧದಲ್ಲಿ ಕೆತ್ತುವ ಹೂಬಳ್ಳಿಗಳನ್ನು ನೋಡಿದವರಿಗೆ ನಯವಾದ ಬಾಯಿಯ ಬೆಲೆಯನ್ನು ಹೇಳಬೇಕಾದುದಿಲ್ಲ. ಉಳಿ ಮೊಂಡಾದರೆ ಮರದ ನಾರು ಹರಿಯುವುದು, ಕೊಯ್ಯದು. ಬಾಳೆದಿಂಡಿನ ಗತಿಯೂ ಅದೇ.

ಮಸೆಯುವಾಗ ಕಮ್ಮಾರನು ಕೊಟ್ಟ ಇಳಿಜಾರನ್ನು ಕೆಡಿಸಬಾರದು. ಇದಕ್ಕೊಂದು ಸುಲಭೋಪಾಯವುಂಟು. ಬಾಯಿಯ ಇಳಿಜಾರಿಗೆ ಮಸಿಯನ್ನು ಬಳಿದು ಒಣಗಿಸಿ, ಕಲ್ಲನ್ನು ಮೆಲ್ಲನೆ ಒಂದೆರಡು ಸಾರಿ ಎಳೆದು ನೋಡಿರಿ. ಮಸಿಯೆಲ್ಲ ಸಮನಾಗಿ ಅಳಿದರೆ ಕೈ ಸರಿಯಾಗಿದೆ. ಬೆನ್ನಿನ ಕಡೆ ಮಾತ್ರ ಅಳಿದರೆ ಕಲ್ಲನ್ನು ಇನ್ನಷ್ಟು ಎತ್ತಬೇಕು. ಬಳಿಕ ಕಲ್ಲನ್ನು ನೀರಿನಲ್ಲಿ ನೆನೆಸಿ ಮಸೆಯಿರಿ. ಮಣೆಯನ್ನು ನಿಲ್ಲಿಸಿಕೊಂಡು ಮಸೆಯಬೇಡಿರಿ. ಪಕ್ಕಕ್ಕೆ ಮಲಗಿಸಿ, ಬಾಯನ್ನು ಆಚೆಗೆ ತಿರುಗಿಸಿ, ಬೆರಳ ತುದಿಗಳು ಕಲ್ಲಿನ ಅಂಚಿನಿಂದ ಕೆಳಗಿಳಿಯದಂತೆ ಹಿಡಿದು, ಬೆನ್ನಿನಿಂದ ಬಾಯಿಯ ಕಡೆಗೆ ಎಳೆಯತಕ್ಕದ್ದು. ಒಂದು ಮೈಗೆ ಮಾತ್ರ ಇಳಿಜಾರುಳ್ಳ ಕತ್ತಿಯಾದರೆ ಆ ಮೈಯನ್ನೇ ಮಸೆದು, ಇನ್ನೊಂದು ಮೈಯಲ್ಲಿ ಎದ್ದ ಕೂದಲಿನಂಥ ಅಂಚನ್ನು ಚಪ್ಪಟೆಯಾಗಿ ಒಮ್ಮೆ ಒರಸಿ ತೆಗೆದರಾಯಿತು.

ಚೂರಿಗಾದರೆ ಚಪ್ಪಟೆ ಕಲ್ಲೇ ಮೇಲು. ಅಲಗಿನ ಅಗಲದಲ್ಲಿ ಕಾಲು ಪಾಲಿನಷ್ಟು ಎತ್ತರಕ್ಕೆ ಅದರ ಬೆನ್ನನ್ನು ಎತ್ತಿ ಹಿಡಿದರೆ ಓರೆ ಸರಿಹೋಗುವುದು. ಮೇಲೆ ಹೇಳಿದ ಸೀಳಿನ ಸಾಧನವನ್ನು ಅಗ್ಗದ ಚೂರಿಗಳಿಗೆ ಇಟ್ಟುಕೊಳ್ಳಬಹುದು. ಅದು ಮಸೆಯುವುದಕ್ಕಿಂತ ಹೆಚ್ಚಾಗಿ ಉಕ್ಕನ್ನು ಹೆರೆಯುತ್ತದೆಂಬುದು ಮಾತ್ರ ನೆನಪಿರಲಿ.

ವಿದ್ಯುಚ್ಚಕ್ರದ ವಿಷಯದಲ್ಲಿ ನಮ್ಮ ಮನೆಯ ಸಂಗತಿಯನ್ನೇ ಹೇಳುವೆವು. ಅಜ್ಜಿಯ ಕಾಲದ ಮೆಟ್ಟುಗತ್ತಿಯನ್ನು ಅಡಿಕೆ ಸುಲಿಯುವ ದಿನಗಳಿಗೆ ಮುಂಚೆ, ಬೇಗ ಆಗಲೆಂದು, ಚಕ್ರ ತಿರುಗಿಸುವವನೊಬ್ಬನಿಗೆ ಕೊಟ್ಟೆವು. ಕಿಡಿಗಳು ಹಾರಿದುವು, ಅಲಗು ಥಳಥಳಿಸಿತು, ಬಾಯಿಯುದ್ದಕ್ಕೂ ನೀಲಿಯ ಗೆರೆಯೊಂದು ಮೂಡಿದ್ದಿತು. ಅದನ್ನು ಚೆಂದವೆಂದೇ ಭಾವಿಸಿದೆವು! ಉಕ್ಕು ಸುಮಾರು ೩೦೦ ಸೆಂಟಿಗ್ರೇಡ್ ಡಿಗ್ರಿಗಳಿಗೆ ಕಾದರೆ ಆ ಬಣ್ಣ ತಾಳುವುದೆಂದೂ, ಅಷ್ಟಾದರೆ ಕತ್ತಿಯ ಹದ ಇಳಿದುಹೋಗುವುದೆಂದೂ ಆಗ ತಿಳಿಯಲಿಲ್ಲ. ಎರಡೇ ದಿನಗಳಲ್ಲಿ ಕತ್ತಿ ಮೊಂಡಾಯಿತು. ಮೂರನೆಯ ರಾತ್ರಿ ಅತ್ತಿಗೆಯವರು ಬಲವಾಗಿ ಒತ್ತಿ ಸುಲಿಯುವಾಗ ಕಾಯಿ ಜಾರಿ, ಅಂಗೈಗೆ ಐದು ಹೊಲಿಗೆ ಬಿದ್ದುವು. ಹರಿತವಾದ ಕತ್ತಿಗೆ ಅವರು ಎಂದೂ ಅಷ್ಟು ಬಲ ಹಾಕಿದವರಲ್ಲ.

ಆಮೇಲೆ ಕಮ್ಮಾರನ ಕುಲುಮೆಗೆ ಒಯ್ದು ಹದ ಕೊಡಿಸಿದೆವು. ಕತ್ತಿ ಈಗ ಮೊದಲಿಗಿಂತ ಅರ್ಧ ಬೆರಳು ಕಿರಿದಾಗಿದೆ. ಪ್ರತಿ ಭಾನುವಾರ ಅತ್ತಿಗೆಯವರೇ ಕಲ್ಲು ನೆನೆಯಿಟ್ಟು ಅದನ್ನು ಮಸೆದು, ಒರಸಿ, ತುಕ್ಕು ಹಿಡಿಯದಂತೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ, ಮಕ್ಕಳ ಕೈಗೆಟುಕದ ಅಟ್ಟದ ಮೇಲೆ ಇಡುತ್ತಾರೆ.