ಸತ್ತವರು ಎದ್ದು ಬಂದರೂ ಸಿಟ್ಟು ಇಳಿಯಲಿಲ್ಲ!

2023ರ ಮಾರ್ಚ್ ಕೊನೆಗೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್: ಆನರ್ ಅಮಂಗ್ ಥೀವ್ಸ್’ ಅನ್ನೋ ಇಂಗ್ಲಿಷ್ ಚಿತ್ರ ಬಂತಲ್ಲ, ನೆನಪಿದೆಯಾ? ಕ್ರಿಸ್ ಪೈನ್ ಹೀರೋ, ಹ್ಯೂ ಗ್ರಾಂಟ್ ಠಕ್ಕ. ಅದರಲ್ಲಿ ಸೋಫಿಯಾ ಲಿಲ್ಲಿಸ್ ಇದ್ದಕ್ಕಿದ್ದಂತೆ ಗೂಬೆಮುಖದ ಕರಡಿಯಾಗಿ ವೈರಿಗಳನ್ನು ನೆಲಕ್ಕೆ ಬಡಿಯುವ ಸೀನು. ಥಿಯೇಟರಿನಲ್ಲಿ ಶಿಳ್ಳೆಯೋ ಶಿಳ್ಳೆ! ನಾನೂ ಒಂದು ಹಾಕಿದೆ. ಪಕ್ಕದ ಸೀಟಿನವನು ಮಾತ್ರ ಮುಖ ಗಂಟು ಹಾಕಿಕೊಂಡು ಕೂತಿದ್ದ. ನನ್ನ ವಯಸ್ಸಿನವನೇ.

“ಯಾಕೆ ಗುರು, ಚೆನ್ನಾಗಿಲ್ವಾ?”

“ಚೆನ್ನಾಗೇ ಇದೆ. ಆದ್ರೆ ಅವಳು ಬರೀ ಕರಡಿ ಆಗಬಹುದು. ಗೂಬೆಕರಡಿ ಆಗೋ ಹಾಗಿಲ್ಲ. ರೂಲ್ಸಿನಲ್ಲಿ ಇಲ್ಲ!”

ನೋಡಿದಿರಾ? ಹುಡುಗಿ ಕರಡಿಯಾಗೋದಕ್ಕೆ ತಕರಾರಿಲ್ಲ, ಯಾವ ಕರಡಿ ಅನ್ನೋದಕ್ಕೆ ತಕರಾರು! ನನಗೆ ನಗು ತಡೆಯಲಾಗಲಿಲ್ಲ. ಇಂಟರ್‌ವಲ್‌ನಲ್ಲಿ ಟೀ ಕುಡೀತಾ ಅವನು ಒಂದು ವಿಷಯ ಹೇಳಿದ. ಅಲ್ಲಿಗೆ ನಗು ನಿಂತಿತು. ಅದನ್ನು ಕೊನೆಗೆ ಹೇಳ್ತೀನಿ. ಮೊದಲು ಆಮೇಲೆ ನಾನು ಹುಡುಕಿ ಹುಡುಕಿ ಓದಿದ ಕಥೆ ಕೇಳಿ.

ಈ ಚಿತ್ರ ಹುಟ್ಟಿದ್ದು ಒಂದು ಆಟದಿಂದ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ಬರು ಅದನ್ನು ಮಾರುಕಟ್ಟೆಗೆ ತಂದರು. ನಾಲ್ಕೈದು ಜನ ಗೆಳೆಯರು ಮೇಜಿನ ಸುತ್ತ ಕೂರಬೇಕು. ಒಬ್ಬ ಸೂತ್ರಧಾರ, ಉಳಿದವರಿಗೆ ಒಂದೊಂದು ಪಾತ್ರ. ಬೀಸಿದ ಕತ್ತಿ ತಗುಲಿತೋ ಇಲ್ಲವೋ ಅಂತ ಹೇಳೋದು ಇಪ್ಪತ್ತು ಮುಖದ ದಾಳ. ಕ್ಯಾಮರಾ ಇಲ್ಲ, ರೀಲಿಲ್ಲ, ಡೈಲಾಗೆಲ್ಲ ಬಾಯಲ್ಲೇ. ಒಂದೊಂದು ಕಥೆ ವರ್ಷಗಟ್ಟಲೆ ಓಡುತ್ತೆ ಸ್ವಾಮಿ!

ಕಥೆ ಅಂದಮೇಲೆ ಊರು ಬೇಕಲ್ಲ? ಅದನ್ನು ಕೊಟ್ಟವನು ಕೆನಡಾದ ಎಡ್ ಗ್ರೀನ್‌ವುಡ್. 1959ರಲ್ಲಿ ಹುಟ್ಟಿದ ಈತ ಚಿಕ್ಕ ಹುಡುಗನಾಗಿದ್ದಾಗಲೇ ತಲೆಯೊಳಗೆ ಒಂದು ಲೋಕ ಕಟ್ಟಿಕೊಂಡಿದ್ದ. ಬೆಳೆದು ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದರೂ ಅದನ್ನು ಬಿಡಲಿಲ್ಲ. ಆಟದ ಕಂಪನಿ ಕೆಲವೇ ಸಾವಿರ ಡಾಲರು ಕೊಟ್ಟು ಆ ಲೋಕವನ್ನೇ ಕೊಂಡುಕೊಂಡಿತು. 1987ರಲ್ಲಿ ‘ಫರ್ಗಾಟನ್ ರೆಲ್ಮ್ಸ್’ ಅನ್ನೋ ಹೆಸರಲ್ಲಿ ಪೆಟ್ಟಿಗೆ ಕಟ್ಟಿ ಮಾರಿತು. ಊರು, ಹೊಳೆ, ದೇವರು, ಹೋಟೆಲಿನ ಹೆಸರು ಸಮೇತ!

ಮರುವರ್ಷ ಆರ್.ಎ. ಸಾಲ್ವಟೋರ್ ಅನ್ನೋ ಹೊಸ ಲೇಖಕ ಅದೇ ಲೋಕದ ಮೇಲೆ ಕಾದಂಬರಿ ಬರೆದ. ಅವನ ಲೆಕ್ಕದಲ್ಲಿ ಹೀರೋ ವುಲ್ಫ್‌ಗಾರ್ ಅನ್ನೋ ದಾಂಡಿಗ. ಹೀರೋಗೆ ಜೊತೆಗಾರ ಯಾರು ಅಂತ ಸಂಪಾದಕರು ಫೋನಿನಲ್ಲಿ ಕೇಳಿದಾಗ, ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಡ್ರಿಜ್ಟ್ ಅನ್ನೋ ಪಾತ್ರ. ನೆಲದಡಿಯ ಕ್ರೂರ ‘ಡ್ರೌ’ ಕುಲದಲ್ಲಿ ಹುಟ್ಟಿ, ಆ ಕ್ರೌರ್ಯ ಒಲ್ಲೆ ಅಂತ ಹೊರಗೆ ಬಂದ ಕಪ್ಪು ಮೈಯ ಕತ್ತಿವರಸೆಗಾರ. ಜೊತೆಗಾರನೇ ಹೀರೋ ಆಗಿಬಿಟ್ಟ. ಸೈಡ್ ಆ್ಯಕ್ಟರು ಕಟೌಟಿಗೆ ಏರಿದ ಹಾಗೆ!

ಇಲ್ಲಿಗೆ ಫಸ್ಟ್ ಹಾಫ್ ಮುಗೀತು. ಜಗಳ ಶುರುವಾಗೋದು ಇನ್ನು ಮುಂದೆ.

1989ರಲ್ಲಿ ಆಟಕ್ಕೆ ಹೊಸ ರೂಲ್ಸ್ ಬಂತು. ಅದರಲ್ಲಿ ‘ಹಂತಕ’ ಅನ್ನೋ ಪಾತ್ರವನ್ನು ಕೈಬಿಟ್ಟರು. ಹಾಗಾದರೆ ಆ ಲೋಕದಲ್ಲಿದ್ದ ಹಂತಕರು ಏನಾಗಬೇಕು? ದೇವರುಗಳ ಕಾಳಗದಲ್ಲಿ ಎಲ್ಲರೂ ಒಂದೇ ಏಟಿಗೆ ಸತ್ತರು ಅಂತ ಬರೆದುಬಿಟ್ಟರು! ವರ್ಷಗಟ್ಟಲೆ ಹಂತಕನಾಗಿ ಆಡಿದವನ ಹೊಟ್ಟೆ ಉರಿಯದೆ ಇರುತ್ತಾ?

ಅದು ಬರೀ ಟ್ರೈಲರ್. ನಿಜವಾದ ಬಾಂಬ್ ಬಿದ್ದದ್ದು 2008ರಲ್ಲಿ. ಅಷ್ಟು ಹೊತ್ತಿಗೆ ಕಥೆ ಎಷ್ಟು ಬೆಳೆದಿತ್ತೆಂದರೆ ಹೊಸಬರು ಹೊಸಿಲು ದಾಟೋಕೆ ಹೆದರುತ್ತಿದ್ದರು. ಜೊತೆಗೆ ಮತ್ತೆ ಹೊಸ ರೂಲ್ಸ್. ಕಂಪನಿ ಏನು ಮಾಡಿತು ಗೊತ್ತಾ? ಮಂತ್ರವಿದ್ಯೆಯ ದೇವತೆ ಮಿಸ್ಟ್ರಾಳನ್ನು ಕೊಲ್ಲಿಸಿತು. ಮಂತ್ರಕ್ಕೇ ಪ್ಲೇಗು ಬಡಿದು ಲೋಕವೆಲ್ಲ ಅಲ್ಲೋಲಕಲ್ಲೋಲ. ಮಂತ್ರವಾದಿಗಳ ನಾಡು ಹಲ್ರುವಾ ಸಿಡಿದು ಚೂರಾಯಿತು. ಕ್ಯಾಲೆಂಡರು ಒಂದೇ ನೆಗೆತಕ್ಕೆ ಸುಮಾರು ನೂರು ವರ್ಷ ಮುಂದೆ ಹಾರಿತು!

ನೂರು ವರ್ಷ ಹಾರಿದರೆ ಏನಾಗುತ್ತೆ, ಯೋಚನೆ ಮಾಡಿ. ಡ್ರಿಜ್ಟ್‌ಗೆ ದೀರ್ಘಾಯುಸ್ಸು, ಅವನು ಉಳೀತಾನೆ. ಅವನ ಹೆಂಡತಿ ಕ್ಯಾಟಿ-ಬ್ರೀ ಮನುಷ್ಯಳು. 2009ರ ‘ದ ಘೋಸ್ಟ್ ಕಿಂಗ್’ ಕಾದಂಬರಿಯಲ್ಲಿ ಅವಳೂ ಗೆಳೆಯ ರೀಜಿಸ್ಸೂ ಸತ್ತರು. ಮರುವರ್ಷದ ಪುಸ್ತಕದಲ್ಲಿ ಮುದುಕ ಬ್ರೂನರ್ ಹೋದ. ಇಪ್ಪತ್ತು ವರ್ಷ ಜೊತೆಗೆ ಬಂದ ಓದುಗ ಒಬ್ಬೊಬ್ಬರನ್ನೇ ಮಣ್ಣು ಮಾಡಬೇಕಾಯಿತು.

ಅಭಿಮಾನಿಗಳು ಕೆರಳಿದರು. ‘ನಮ್ಮ ದುಡ್ಡಿಗೆ ನಮ್ಮ ಮನೆಗೇ ಬೆಂಕಿ ಇಡ್ತೀರಾ’ ಅಂದವರುಂಟು. ಹೊಸ ಪುಸ್ತಕ ಮುಟ್ಟೋದಿಲ್ಲ ಅಂತ ಕೂತವರುಂಟು. ಎಷ್ಟೋ ಜನ ತಮ್ಮ ಮೇಜಿನ ಮೇಲೆ ಹಳೆಯ ಕ್ಯಾಲೆಂಡರನ್ನೇ ನಿಲ್ಲಿಸಿಕೊಂಡು ಆಟ ಮುಂದುವರಿಸಿದರು. ನಮಗೇನು ಇದು ಹೊಸದಾ? 1972ರಲ್ಲಿ ಪುಟ್ಟಣ್ಣ ಕಣಗಾಲ್ ಮೂರು ಕಾದಂಬರಿ ಸೇರಿಸಿ ‘ನಾಗರಹಾವು’ ತೆಗೆದಾಗ, ಅವನ್ನು ಬರೆದ ತ.ರಾ.ಸು. ಅವರಿಗೇ ಚಿತ್ರ ಹಿಡಿಸಲಿಲ್ಲ. ಜನ ಮಾತ್ರ ರಾಮಾಚಾರಿಯನ್ನು ತಲೆ ಮೇಲೆ ಹೊತ್ತು ಕುಣಿದರು!

ಕಡೆಗೆ ಕಂಪನಿ ಸೋತಿತು. 2012ರ ಆಗಸ್ಟ್‌ನಲ್ಲಿ ಇಂಡಿಯಾನಾಪೊಲಿಸ್‌ನ ಜೆನ್‌ಕಾನ್ ಮೇಳದಲ್ಲಿ, ಲೋಕವನ್ನು ಮತ್ತೆ ಸರಿಮಾಡ್ತೀವಿ ಅಂತ ಸಾರಿತು. ಆರು ಜನ ಲೇಖಕರಿಂದ ಆರು ಕಾದಂಬರಿ. 2013ರಲ್ಲಿ ಕ್ಯಾಟಿ-ಬ್ರೀ, ರೀಜಿಸ್, ಬ್ರೂನರ್, ವುಲ್ಫ್‌ಗಾರ್ ಎಲ್ಲರೂ ಮರುಜನ್ಮ ಎತ್ತಿ ಬಂದರು. ಮಿಸ್ಟ್ರಾ ಬಂದಳು, ಹಲ್ರುವಾ ಬಂತು. ಕೆಲವರು ಆನಂದಬಾಷ್ಪ ಸುರಿಸಿದರು. ಇನ್ನು ಕೆಲವರು ‘ಹಾಗಾದ್ರೆ ನಾವು ಅವತ್ತು ಅತ್ತದ್ದು ಸುಳ್ಳಾ?’ ಅಂದರು. ನ್ಯಾಯವಾದ ಪ್ರಶ್ನೆಯೇ.

ಹಾಗಂತ ಹಳೇದೆಲ್ಲ ಬಂಗಾರ ಅನ್ನೋ ಪೈಕಿ ನಾನಲ್ಲ. ಡ್ರೌ ಕುಲದ ಮಾತು ಬಂತಲ್ಲ. ಮೈ ಕಪ್ಪು, ಕುಲಕ್ಕೆ ಕುಲವೇ ಕೆಟ್ಟದ್ದು, ಒಳ್ಳೆಯವನು ಎಲ್ಲೋ ಒಬ್ಬ! ಖಳನ ಮುಖಕ್ಕೆ ಮಸಿ ಬಳಿಯುವ ಮೇಕಪ್ಪು ನಮ್ಮ ಸಿನಿಮಾದಲ್ಲೂ ಕಂಡಿದ್ದೇವೆ. ನಾನೂ ಕಪ್ಪು ಮೈಯವನೇ; ಶಾಲೆಯ ನಾಟಕದಲ್ಲಿ ನನಗೆ ಸಿಕ್ಕಿದ್ದೆಲ್ಲ ರಾಕ್ಷಸನ ಪಾತ್ರ. 2020ರಲ್ಲಿ ಕಂಪನಿ ಇದು ತಪ್ಪು ಅಂತ ಒಪ್ಪಿಕೊಂಡಿತು. 2021ರಲ್ಲಿ ಸಾಲ್ವಟೋರ್ ತನ್ನ ಕಾದಂಬರಿಯಲ್ಲಿ ಉತ್ತರದ ಹಿಮದ ನಡುವೆ ಡ್ರೌಗಳ ಇನ್ನೊಂದು ಊರು ತೋರಿಸಿದ. ಒಳ್ಳೆಯ ಜನರ ಊರು. ಅದಕ್ಕೂ ಗೊಣಗಿದವರಿದ್ದರು. ಆದರೆ ಇಲ್ಲಿ ಯಾರ ಮನೆಯನ್ನೂ ಕೆಡವಲಿಲ್ಲ, ಹೊಸ ಬಾಗಿಲು ತೆರೆದರು ಅಷ್ಟೆ. ಎರಡಕ್ಕೂ ವ್ಯತ್ಯಾಸ ಇದೆ ಸ್ವಾಮಿ.

ಅದೇ 2021ರಲ್ಲಿ ಇನ್ನೊಂದು ಅಪ್ಪಣೆ ಹೊರಟಿತು. 2014ರಿಂದೀಚೆಗಿನ ಆಟದ ಪುಸ್ತಕಗಳಲ್ಲಿ ಇರೋದಷ್ಟೇ ಆಟಕ್ಕೆ ಅಧಿಕೃತ; ಕಾದಂಬರಿಗಳು ಲೆಕ್ಕಕ್ಕಿಲ್ಲ! ಮೂವತ್ತು ವರ್ಷದ ಕಾದಂಬರಿಗಳ ರಾಶಿ ಒಂದೇ ಮಾತಿಗೆ ಗೇಟಿನ ಹೊರಗೆ. ಕೆಲವರು ಕೂಗಾಡಿದರು. ಕೆಲವರು ‘ಒಳ್ಳೇದಾಯ್ತು, ಇನ್ನು ನಮ್ಮ ಮೇಜಿಗೆ ನಾವೇ ಯಜಮಾನರು’ ಅಂದರು.

ಈಗ ಆ ಟೀ ಅಂಗಡಿಯ ಮಾತು. ನನ್ನ ಪಕ್ಕದ ಸೀಟಿನವನು ಹಳೇ ಕಾಲದ ಅಭಿಮಾನಿ ಅಂದುಕೊಂಡಿದ್ದೆ. ಅಲ್ಲ! ಅವನು ಆಟಕ್ಕೆ ಸೇರಿದ್ದೇ 2010ರಲ್ಲಿ, ಹೈಸ್ಕೂಲಿನಲ್ಲಿದ್ದಾಗ. ಎಲ್ಲರೂ ಶಾಪ ಹಾಕುತ್ತಿದ್ದ ಆ ಪ್ಲೇಗಿನ ಲೋಕವೇ ಅವನ ಮೊದಲ ಪ್ರೀತಿ. ಅವನ ಪಾತ್ರ ಒಬ್ಬ ಡ್ರ್ಯಾಗನ್‌ಮುಖದ ಯೋಧ, ಊರು ಟೈಮ್ಯಾಂಥರ್. ಆ ನಾಡು ಕಥೆಗೆ ಬಂದದ್ದೇ 2008ರ ಬದಲಾವಣೆಯಿಂದ. ಹಳಬರ ಗಲಾಟೆಗೆ ಮಣಿದು ಲೋಕವನ್ನು ಸರಿಮಾಡಿದಾಗ, ಅದರ ಬಹುಭಾಗವನ್ನು ಮಾಯ ಮಾಡಿದರು.

“ಅವರ ಸತ್ತವರೆಲ್ಲ ಎದ್ದು ಬಂದ್ರು ಸಾರ್. ನನ್ನ ಊರು ಹೋಯ್ತು. ನನ್ನ ಪರವಾಗಿ ಯಾರೂ ಗಲಾಟೆ ಮಾಡಲಿಲ್ಲ.”

ನಾನು ಸುಮ್ಮನಾದೆ. ನಾನು ಪಿಯುಸಿ ಬಿಟ್ಟ ವರ್ಷವೇ ನಮ್ಮೂರ ಟಾಕೀಸನ್ನು ಕೆಡವಿದರು. ಹಳೆಯದಾಗಿತ್ತು, ಕೆಡವಿದ್ದು ಸರಿ ಅಂತ ಊರೆಲ್ಲ ಅಂದಿತು. ಇರಬಹುದು. ಆದರೆ ನಾನು ಮೊದಲ ಶಿಳ್ಳೆ ಹಾಕಿದ್ದು ಅಲ್ಲಿ. ಅಭಿಮಾನಿ ಜಗಳ ಆಡೋದು ಕಥೆಗಲ್ಲ ಗೆಳೆಯರೇ, ಆ ಕಥೆಯ ಜೊತೆ ಕಳೆದ ತನ್ನ ವರ್ಷಗಳಿಗೆ. ಅದಕ್ಕೇ ಒಬ್ಬನಿಗೆ ಸರಿಮಾಡಿಕೊಟ್ಟದ್ದು ಇನ್ನೊಬ್ಬನಿಗೆ ಲೂಟಿ ಆಗಿ ಕಾಣುತ್ತೆ.

“ಈಗ ಆಟ ಬಿಟ್ಟುಬಿಟ್ಟೆಯಾ?” ಅಂದೆ.

“ಯಾಕೆ ಬಿಡಲಿ? ಭಾನುವಾರ ಆಡ್ತೀವಿ. ಐದು ಜನ. ನಮ್ಮ ಟೇಬಲ್ ಮೇಲೆ ಟೈಮ್ಯಾಂಥರ್ ಎಲ್ಲೂ ಹೋಗಿಲ್ಲ.”

ಬೆಲ್ಲಾಯಿತು. ಟೀ ಲೋಟ ಇಟ್ಟು ಇಬ್ಬರೂ ಒಳಗೆ ಓಡಿದೆವು. ಸೆಕೆಂಡ್ ಹಾಫಿನಲ್ಲಿ ಅವನೂ ಒಂದು ಶಿಳ್ಳೆ ಹಾಕಿದ!