ಬೆಂಗ್ರೆಯ ಫೋನು, ಕಡಲಿನ ಉಪ್ಪುನೀರು



ಮಂಗಳೂರಿನ ಬಂದರಿನಿಂದ ಬೆಂಗ್ರೆಗೆ ಹೊರಡುವ ದೋಣಿಯಲ್ಲೂ ಯುವಕರಿಗೆ ಐಫೋನ್ ಮೇಲೋ ಸ್ಯಾಮ್‌ಸಂಗ್ ಮೇಲೋ ಎಂಬುದೇ ವಾದ. ಹಿಂದೆ ನೋಕಿಯಾ ಬಿಟ್ಟು ಬೇರೆ ಮುಟ್ಟದವರಿದ್ದರು. ಆ ಕಂಪನಿಯ ಫೋನ್ ವ್ಯವಹಾರವೇ 2014ರಲ್ಲಿ ಮೈಕ್ರೋಸಾಫ್ಟ್ ಪಾಲಾಯಿತು.

ಒಂದೆಡೆ ಫಲ್ಗುಣಿ ನದಿ, ಇನ್ನೊಂದೆಡೆ ಕಡಲು ಇರುವ ಈ ಮೀನುಗಾರರ ನೆಲದಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: ಉಪ್ಪುನೀರು ಬಿದ್ದರೆ ಫೋನು ಉಳಿದೀತೇ? ಜಾಹೀರಾತಿನಲ್ಲಿ ಮಿನುಗುವ ‘ಐಪಿ68’ ಎಂಬ ನೀರುನಿರೋಧಕ ದರ್ಜೆ ಸಿಹಿನೀರಿನಲ್ಲಿ ನಡೆಸಿದ ಪರೀಕ್ಷೆಯ ಫಲ. ಉಪ್ಪುನೀರಿಗೆ ಆ ಭರವಸೆ ಅನ್ವಯಿಸದು. ನೀರು ಹೊಕ್ಕ ಫೋನಿಗೆ ಸಾಮಾನ್ಯವಾಗಿ ವಾರಂಟಿಯೂ ಇಲ್ಲ. ದುಡ್ಡು ಎಣಿಸಿಕೊಳ್ಳುವ ಮೊದಲೇ ಅಂಗಡಿಯವರು ಇದನ್ನು ಹೇಳಬೇಕು.

ಫೋನು ಕೆಟ್ಟ ಗ್ರಾಹಕರಿಗೆ ದಾರಿಯೂ ಇದೆ. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆದಿದೆ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕವಿಲ್ಲ. ಈ ವಿವರಗಳನ್ನು ಸಂಬಂಧಪಟ್ಟವರು ಬೆಂಗ್ರೆಯ ದೋಣಿ ಕಟ್ಟೆಯಲ್ಲಿ ಕನ್ನಡ, ತುಳು, ಬ್ಯಾರಿಯಲ್ಲಿ ಫಲಕ ಹಾಕಿ ತಿಳಿಸಲಿ.

– ಓದುಗ, ಬೆಂಗ್ರೆ, ಮಂಗಳೂರು